ಜಾಮೀನುದಾರರ ಸಹಿ

ಚಿಕ್ಕಪ್ಪನಿಗೆ ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ಇತ್ತು. ಅದಕ್ಕೆ ಬ್ಯಾಂಕಿನಲ್ಲಿ ಸಿಸಿ ಸಾಲ, ಅಂದರೆ ಒಂದು ಲಿಮಿಟ್ಟಿನೊಳಗೆ ಬೇಕಾದಾಗ ತೆಗೆದು, ಬಂದಾಗ ಕಟ್ಟೋ ವ್ಯಾಪಾರದ ಸಾಲ. ಆಧಾರಕ್ಕೆ ಇಟ್ಟಿದ್ದು ಮಾತ್ರ ನಮ್ಮ ಅಪ್ಪಾಜಿಯ ಮನೆ ಕ್ರಯಪತ್ರ, ಜಾಮೀನುದಾರರಾಗಿ ಸಹಿ ಹಾಕಿದ್ದೂ ಅವರೇ. ತಮ್ಮ ಬಂದು ಕೇಳಿದಾಗ ಅಣ್ಣ ಆದವರು ಇಲ್ಲ ಅನ್ನೋಕಾಗುತ್ತಾ?

ವ್ಯಾಪಾರ ಕೆಟ್ಟಿತು. ಬಾಕಿ ಕಟ್ಟದೆ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ, ಆಮೇಲೆ 60 ದಿನದೊಳಗೆ ಕಟ್ಟಿ ಅನ್ನೋ ನೋಟಿಸ್. ಅಂಗಡಿ ಬಾಡಿಗೆಯದು, ಹಾಗಾಗಿ ಬ್ಯಾಂಕಿನವರು ಸೀದಾ ನಮ್ಮ ಮನೆ ಬಾಗಿಲಿಗೆ ಬಂದರು. 1872ರ ಕರಾರು ಕಾಯ್ದೆಯ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಸಹಿ ಹಾಕಿಸಿಕೊಳ್ಳುವಾಗ ಅಪ್ಪಾಜಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಮೊದಲು ಕೇಸು ಹಾಕಿದ್ದು ಇಲ್ಲೇ, ಸಿವಿಲ್ ಕೋರ್ಟಿನಲ್ಲಿ. ಸ್ಟೇ ಸಿಕ್ಕಿತು, ಎಲ್ಲರೂ ನಿರಾಳ ಆದೆವು. ವಾಯಿದೆ ಮೇಲೆ ವಾಯಿದೆ ಬಿದ್ದು ವರ್ಷಗಳೇ ಉರುಳಿದ ಮೇಲೆ, ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆ ಬ್ಯಾಂಕೇ ವಶಪಡಿಸಿಕೊಳ್ಳೋಕೆ ಬಿಡುವ 2002ರ ಸರ್ಫೇಸಿ ಕಾಯ್ದೆಯ 34ನೇ ಕಲಂ ಪ್ರಕಾರ ಈ ವಿಷಯ ಸಿವಿಲ್ ಕೋರ್ಟಿಗೆ ಬರೋದೇ ಇಲ್ಲ ಅಂತ ದಾವೆ ವಜಾ ಆಯಿತು. ಅಷ್ಟೂ ವರ್ಷ ಬಡ್ಡಿ ಮಾತ್ರ ಬೆಳೀತಾನೇ ಇತ್ತು. ಕೊನೆಗೆ ಸ್ವಾಧೀನದ ನೋಟಿಸನ್ನು ಬಾಗಿಲಿಗೆ ಅಂಟಿಸಿ ಹೋದರು. ಅಲ್ಲಿಂದ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, ಅರ್ಜಿ ಹಾಕಬೇಕು. ಹಾಕಿದೆವು.

ಈಗ ಹೇಳೋಕೆ ಹೊರಟಿದ್ದು ಅಲ್ಲಿ ಕಳೆದ ಒಂದು ದಿನದ ಬಗ್ಗೆ. ರಾತ್ರಿ ರೈಲು ಹತ್ತಿ ಬೆಳಗ್ಗೆ ಬೆಂಗಳೂರಲ್ಲಿ ಇಳಿದು, ಹೋಟೆಲಿನಲ್ಲಿ ಇಡ್ಲಿ ತಿಂದು, ನಮ್ಮ ಕೇಸು ಕರೆಯೋವರೆಗೂ ಕೂತೆವು. ಬ್ಯಾಂಕಿನ ವಕೀಲರು ಸಮಯ ಕೇಳಿದರು, ಮುಂದಿನ ತಾರೀಖು ಕೊಟ್ಟರು. ಅಷ್ಟೇ ಆಗಿದ್ದು. ಆದರೆ ಆವತ್ತು ಬ್ಯಾಂಕಿನ ದಾಖಲೆಗಳ ಜೆರಾಕ್ಸ್ ಕಟ್ಟು ನಮ್ಮ ಕೈಗೆ ಬಂತು.

ಎಲ್ಲಾ ಇಂಗ್ಲಿಷಿನಲ್ಲಿತ್ತು. ಅಪ್ಪಾಜಿಗೆ ಇಂಗ್ಲಿಷ್ ಬಾರದು, ತಮ್ಮ ಸಹಿ ಮಾತ್ರ ಹುಡುಕುತ್ತಾ ಒಂದೊಂದೇ ಹಾಳೆ ತಿರುವಿದರು. ಮೊದಲ ಪತ್ರದಲ್ಲಿ ಅವರ ಕನ್ನಡ ಸಹಿ ಪುಟ ಪುಟಕ್ಕೂ ಇದೆ. ಆಮೇಲೆ ಸಾಲದ ಲಿಮಿಟ್ ಜಾಸ್ತಿ ಮಾಡಿದ ನವೀಕರಣದ ಪತ್ರ ಬಂತು. ಕೆಳಗೆ ಎಡಕ್ಕೆ ಚಿಕ್ಕಪ್ಪನ ಸಹಿ, ಸೀಲು. ಬಲಕ್ಕೆ ಜಾಮೀನುದಾರರು ಅಂತ ಟೈಪು ಮಾಡಿದ ಜಾಗದಲ್ಲಿ, ಇಲ್ಲಿ ಸಹಿ ಮಾಡಿ ಅಂತ ತೋರಿಸೋಕೆ ಪೆನ್ಸಿಲ್ಲಿನಲ್ಲಿ ಹಾಕುವ ಇಂಟು ಮಾರ್ಕು, ಜೆರಾಕ್ಸಿನಲ್ಲಿ ಮಸುಕಾಗಿ ಕಾಣುತ್ತಿತ್ತು. ಅದರ ಪಕ್ಕ ಏನೂ ಇಲ್ಲ.

"ಇದ್ರಾಗ ನನ್ ಸೈ ಎಲ್ಲೈತಪ್ಪ?" ಅಂದರು.

ವಕೀಲರಿಗೆ ತೋರಿಸಿದೆ. ಅವರ ಮುಖ ಅರಳಿತು. ಅದೇ ಕರಾರು ಕಾಯ್ದೆಯ 133ನೇ ಕಲಂ ಇದೆ: ಜಾಮೀನುದಾರನ ಒಪ್ಪಿಗೆ ಇಲ್ಲದೆ ಸಾಲದ ಷರತ್ತು ಬದಲಾಯಿಸಿದರೆ, ಅಲ್ಲಿಂದ ಮುಂದಿನ ವ್ಯವಹಾರಕ್ಕೆ ಅವನ ಹೊಣೆ ಇಲ್ಲ. ಹಾಗಂತ ಪೂರ್ತಿ ಗೆದ್ದ ಹಾಗಲ್ಲ ಅಂತಲೂ ಅವರೇ ಹೇಳಿದರು. ಏನೇ ಬದಲಾದರೂ ನನ್ನ ಒಪ್ಪಿಗೆ ಇದೆ ಅನ್ನೋ ಸಾಲನ್ನು ಬ್ಯಾಂಕುಗಳು ಮೊದಲ ಜಾಮೀನು ಪತ್ರದಲ್ಲೇ ಸಾಮಾನ್ಯವಾಗಿ ಸೇರಿಸಿರುತ್ತವೆ, ಅದನ್ನೇ ಮುಂದಿಡುತ್ತಾರೆ.

ನನಗೆ ಸಿಟ್ಟು ಬರೋದು ಇಲ್ಲೇ. ಮನೆ ಹರಾಜಿಗೆ ಹಾಕೋಕೆ ನೋಟಿಸ್ ಮೇಲೆ ನೋಟಿಸ್ ಕಳಿಸೋರಿಗೆ, ಅದೇ ಮನೆ ಮೇಲೆ ಸಾಲ ಏರಿಸುವಾಗ ಕನ್ನಡದಲ್ಲಿ ಒಂದು ಕಾಗದ ಬರೆಯೋಕೆ ಆಗಲ್ಲ ಅಂದ್ರೆ ಏನರ್ಥ? ಮೊದಲ ಸಾಲಕ್ಕೆ ಅಪ್ಪಾಜಿ ಒಪ್ಪಿ ಸಹಿ ಹಾಕಿದ್ದಾರೆ, ಅದನ್ನು ನಾವು ಅಲ್ಲಗಳೆಯುತ್ತಿಲ್ಲ. ಏರಿಸಿದ ಸಾಲ ಅವರದಲ್ಲ.

ಆ ಪತ್ರದ ಅಸಲು ಹಾಜರುಪಡಿಸಲಿ ಅಂತ ಅರ್ಜಿ ಕೊಟ್ಟಿದ್ದೇವೆ. ಇಲ್ಲಿ ಸೋತರೆ ಮೇಲ್ಮನವಿ ಚೆನ್ನೈಯಲ್ಲಿ, ಅದಕ್ಕೆ ಬಾಕಿಯ ಅರ್ಧದಷ್ಟು ಹಣ ಮೊದಲೇ ಕಟ್ಟಬೇಕು, ಕಡಿಮೆ ಮಾಡಿದರೂ ಕಾಲುಭಾಗಕ್ಕಿಂತ ಕೆಳಗಿಳಿಸೋ ಹಾಗಿಲ್ಲ. ಅಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ. ಹಾಗಾಗಿ ಏನಾಗಬೇಕಿದ್ದರೂ ಬೆಂಗಳೂರಲ್ಲೇ ಆಗಬೇಕು, ಮುಂದಿನ ತಾರೀಖಿಗೂ ಅಪ್ಪಾಜಿ ಬರ್ತೀನಿ ಅಂದಿದ್ದಾರೆ.