ಆಕ್ಸಿಜನ್ ಸೆನ್ಸರ್ ತರಿಸುವ ಮುನ್ನ

ಚೆಕ್ ಎಂಜಿನ್ ಲೈಟ್ ಹತ್ತಿತು, ಸ್ಕ್ಯಾನರ್ ಆಕ್ಸಿಜನ್ ಸೆನ್ಸರ್ (ಎಕ್ಸಾಸ್ಟ್ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಭಾಗ) ಕೋಡ್ ತೋರಿಸಿತು ಅಂದ ಕೂಡಲೇ ಮೈಸೂರಿನ ಬಿಡಿಭಾಗದ ಅಂಗಡಿಗೆ ಫೋನ್ ಮಾಡಬೇಡಿ. ಪ್ಯಾಕೆಟ್ ಒಡೆದ ಎಲೆಕ್ಟ್ರಿಕಲ್ ಸಾಮಾನನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದು ಅಪರೂಪ. ಮಡಿಕೇರಿಯಿಂದ ಮತ್ತೆ 120 ಕಿಲೋಮೀಟರ್ ಓಡುವ ಬದಲು ಅರ್ಧ ಗಂಟೆ ಕಾರಿನಡಿ ಮಲಗಿ ನೋಡಿ.

ಸಾಮಾನ್ಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರಿನಲ್ಲಿ ಪಿ0130ರಿಂದ ಪಿ0135ರವರೆಗಿನ ಕೋಡ್, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂದಿರುವ ಸೆನ್ಸರ್‌ನದ್ದು, ಪಿ0136ರಿಂದ ಪಿ0141 ಹಿಂದಿನದ್ದು. ಪಿ0171 (ಇಂಧನಕ್ಕೆ ಹೋಲಿಸಿದರೆ ಗಾಳಿ ಹೆಚ್ಚು ಎಂಬ ಕೋಡ್) ಬಂದರೆ ಸೆನ್ಸರ್ ನಿಜವನ್ನೇ ಹೇಳುತ್ತಿರಬಹುದು. ಮೊದಲು ಗಾಳಿ ಸೋರಿಕೆ ಹುಡುಕಿ. ಸೆನ್ಸರ್‌ಗಿಂತ ಮುಂದೆ ಎಕ್ಸಾಸ್ಟ್ ಸೀಳಿದ್ದರೂ ಹೊರಗಿನ ಗಾಳಿ ಒಳಸೇರಿ ಅದೇ ಕೋಡ್ ಬರಬಹುದು.

ಪಿ0135, ಪಿ0141 ಸೆನ್ಸರನ್ನು ಬೇಗ ಬಿಸಿಮಾಡುವ ಒಳಗಿನ ಹೀಟರ್‌ನ ದೂರು. ಫ್ಯೂಸ್ ನೋಡಿ, ಕನೆಕ್ಟರ್ ಬಿಡಿಸಿ, ಒಂದೇ ಬಣ್ಣದ ಎರಡು ವೈರ್‌ಗಳ ನಡುವೆ, ಸೆನ್ಸರ್ ಕಡೆಯಿಂದ, ಮಲ್ಟಿಮೀಟರ್ ಹಿಡಿಯಿರಿ. ತಣ್ಣಗಿರುವಾಗ ಸಾಮಾನ್ಯವಾಗಿ 2ರಿಂದ 15 ಓಮ್ ಬರಬೇಕು. ಓಪನ್ (ತಂತಿ ಕಡಿದಂತೆ) ತೋರಿಸಿದರೆ ಹೀಟರ್ ಹೋಗಿದೆ. ನಮ್ಮ ಕಡೆ ಕನೆಕ್ಟರನ್ನೇ ಚೆನ್ನಾಗಿ ನೋಡಬೇಕು. ತೋಟದ ರಸ್ತೆಯ ಕೆಸರು ಹಿಂದಿನ ಸೆನ್ಸರ್‌ನ ಕನೆಕ್ಟರ್‌ಗೆ ಮೆತ್ತಿಕೊಂಡು ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಬೋನೆಟ್ ಒಳಗೆ ಬೆಚ್ಚಗೆ ಮಲಗಿ ವೈರ್ ಕಡಿಯುವ ಇಲಿಗಳ ಕಥೆ ಬೇರೆ ಹೇಳಬೇಕಿಲ್ಲ.

ಎಂಜಿನ್ ಬಿಸಿಯಾದ ಮೇಲೆ 2,500 ಆರ್‌ಪಿಎಂನಲ್ಲಿ ಮುಂದಿನ ನ್ಯಾರೋಬ್ಯಾಂಡ್ ಸೆನ್ಸರ್ (ಇಂಧನ ಹೆಚ್ಚೋ ಕಡಿಮೆಯೋ ಅಷ್ಟನ್ನೇ ಹೇಳುವ ಬಗೆ) 0.1 ಮತ್ತು 0.9 ವೋಲ್ಟ್ ನಡುವೆ ಚುರುಕಾಗಿ ಏರಿಳಿಯಬೇಕು. 0.45ರಲ್ಲೇ ಅಂಟಿಕೊಂಡಿದ್ದರೆ ಅದು ಸತ್ತಿದೆ ಅಥವಾ ವೈರ್ ಕಡಿದಿದೆ. ಹಿಂದಿನದ್ದು ಹೆಚ್ಚು ಕುಣಿಯಬಾರದು.

ಕೊಳ್ಳುವಾಗ ಮಾಡೆಲ್ ಹೆಸರು ಸಾಲದು. ಚಾಸಿ ನಂಬರ್ ಕೊಡಿ, ಹಳೆಯ ಸೆನ್ಸರ್ ಮೇಲೆ ಕೊರೆದ ಪಾರ್ಟ್ ನಂಬರ್ ಹೋಲಿಸಿ. ಬಿಎಸ್4 (ಹಿಂದಿನ ಹೊಗೆ ಮಾನದಂಡ) ಕಾರಿನದ್ದು ಬಿಎಸ್6ಕ್ಕೆ ಹೊಂದುತ್ತದೆಂದು ಊಹಿಸಬೇಡಿ. ಗಾಳಿ-ಇಂಧನದ ಪ್ರಮಾಣವನ್ನೇ ಅಳೆಯುವ ವೈಡ್‌ಬ್ಯಾಂಡ್ ಜಾಗಕ್ಕೆ ನ್ಯಾರೋಬ್ಯಾಂಡ್ ನಡೆಯುವುದಿಲ್ಲ. ಬಾಷ್, ಡೆನ್ಸೊ, ಎನ್‌ಟಿಕೆ ಯಾವುದಾದರೂ ಸರಿ, ಆದರೆ ಕನೆಕ್ಟರ್ ಸಮೇತ ಬರುವುದನ್ನೇ ಕೊಳ್ಳಿ. ವೈರ್ ಜೋಡಿಸುವ ಯುನಿವರ್ಸಲ್ ಸೆನ್ಸರ್ ಅಗ್ಗ, ತಲೆನೋವು ಜಾಸ್ತಿ: ಹಲವು ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಗಾಳಿಯನ್ನು ವೈರ್‌ನ ಎಳೆಗಳ ನಡುವಿನಿಂದಲೇ ಎಳೆದುಕೊಳ್ಳುತ್ತವೆ, ಸೋಲ್ಡರ್ ಹಾಕಿದರೆ ಆ ದಾರಿ ಮುಚ್ಚುತ್ತದೆ. ಜೋಡಿಸಲೇಬೇಕಾದರೆ ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿಟ್ಟು ಒತ್ತಿ).

ಬಿಚ್ಚಲು, ವೈರ್ ಹೊರಬರಲೆಂದು ಪಕ್ಕದಲ್ಲಿ ಸೀಳು ಬಿಟ್ಟಿರುವ 22 ಎಂಎಂ ಸಾಕೆಟ್ ಬೇಕು. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಸಿಂಪಡಿಸಿ, ಎಂಜಿನ್ ಉಗುರುಬೆಚ್ಚಗಿರುವಾಗ ತಿರುಗಿಸಿ. ಹೊಸದರ ಥ್ರೆಡ್‌ಗೆ ಆ್ಯಂಟಿಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಮೊದಲೇ ಹಚ್ಚಿರದಿದ್ದರೆ ಮಾತ್ರ ಹಚ್ಚಿ, ತುದಿಗೆ ತಾಗಬಾರದು. ಎಂ18 ಥ್ರೆಡ್‌ಗೆ 35–45 ನ್ಯೂಟನ್ ಮೀಟರ್ ಬಿಗಿತ ಸಾಕು. ಸಿಲಿಕೋನ್ ಗಮ್ ಹತ್ತಿರವೂ ಬೇಡ, ಅದರ ಆವಿ ಸೆನ್ಸರ್‌ಗೆ ವಿಷ. ನೆಲಕ್ಕೆ ಬಿದ್ದ ಸೆನ್ಸರ್ ಹಾಕಬೇಡಿ, ಒಳಗಿನ ಸೆರಾಮಿಕ್ ಬಿರುಕು ಬಿಟ್ಟಿದ್ದರೆ ಹೊರಗೆ ಕಾಣುವುದಿಲ್ಲ. ವೈರ್ ಎಕ್ಸಾಸ್ಟ್ ಪೈಪಿಗೆ ತಾಗದಂತೆ ಹಳೆಯ ಕ್ಲಿಪ್‌ಗೇ ಸಿಕ್ಕಿಸಿ, ಆಮೇಲೆ ಕೋಡ್ ಅಳಿಸಿ.