ಹಾಲುವಾಣದ ಗಂಟು, ಹದಿನಾಲ್ಕು ಬಾಟಲಿ

ಸೆಪ್ಟೆಂಬರ್ ಕೊನೆಗೆ ಮಳೆ ಸ್ವಲ್ಪ ಬಿಟ್ಟಾಗ ಶುರು ಮಾಡಿದ ಕೆಲಸ ಇದು. ನಾಪೋಕ್ಲು ಹತ್ತಿರದ ನಮ್ಮ ತೋಟದಲ್ಲಿ ಎಲೆ, ತೊಟ್ಟು, ಚಿಗುರಿನ ಮೇಲೆ ಗಂಟು (ಒಳಗೆ ಹುಳು ಸೇರಿ ಊದಿಕೊಂಡ ಭಾಗ) ಕಂಡರೆ ಕಿತ್ತು ತಂದು ಬಾಟಲಿಗೆ ಹಾಕುತ್ತೇನೆ. ಒಳಗಿಂದ ಏನು ಬರುತ್ತದೆ ಅಂತ ಕಾಯುತ್ತೇನೆ. ಇಲ್ಲಿಯವರೆಗೆ 14 ಬಾಟಲಿ ಆಗಿವೆ.

ಮೊದಲ ಐದು ಹಾಳಾದವು. ಕೊಡಗಿನ ಥಂಡಿ ಗೊತ್ತಲ್ಲ, ಬೀರುವಿನ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಮಾಡಿದ್ದು ಸಾಲಲಿಲ್ಲ. ಮೂರನೇ ದಿನಕ್ಕೆ ಎಲೆಗಳು ಕಪ್ಪಾಗಿ ನೀರು ಬಿಟ್ಟವು. ಈಗ ಬಾಯಿಗೆ ಹಳೇ ಪಂಚೆಯ ತುಂಡು ಕಟ್ಟುತ್ತೇನೆ, ತಳಕ್ಕೆ ಟಿಶ್ಯೂ ಪೇಪರ್ ಹಾಸುತ್ತೇನೆ. ಬಾಟಲಿಗಳ ಜಾಗ ಅಡುಗೆಮನೆಯ ಶೆಲ್ಫು, ಒಲೆಯಿಂದ ಸ್ವಲ್ಪ ದೂರ. ಆಮೇಲೆ ಒಂದೂ ಕೊಳೆತಿಲ್ಲ.

ಹಾಲುವಾಣದಿಂದಲೇ ಶುರು ಮಾಡಲು ಕಾರಣ ಇದೆ. ನಾನು ಚಿಕ್ಕವನಿದ್ದಾಗ ನಮ್ಮಲ್ಲಿ ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ, ಎರಡೂ ಹಾಲುವಾಣವೇ. ಕೊಂಬೆ ಕಡಿದು ನೆಟ್ಟರೆ ಸಾಕು, ಬೇರು ಬಿಡುತ್ತದೆ. ಉದುರಿದ ಎಲೆ ಒಳ್ಳೇ ಗೊಬ್ಬರ. ಅಂಥ ಮರ ಒಂದೊಂದಾಗಿ ಒಣಗತೊಡಗಿತು. ಎಲೆ ಮುರುಟಿಕೊಳ್ಳುತ್ತಿತ್ತು, ತೊಟ್ಟು ಊದಿಕೊಳ್ಳುತ್ತಿತ್ತು, ಕೊನೆಗೆ ಮರ ಬೋಳಾಗಿ ನಿಲ್ಲುತ್ತಿತ್ತು. ಏನೋ ರೋಗ ಅಂದರು ಅಪ್ಪ. ಖಾಲಿಯಾದ ಜಾಗಕ್ಕೆ ಸಿಲ್ವರ್ ಓಕ್ ಬಂತು.

ಅದು ಕಣಜದ ಕೆಲಸ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ. ಹೆಸರು ಕ್ವಾಡ್ರಾಸ್ಟಿಕಸ್ ಎರಿಥ್ರಿನೆ. ಹೆಣ್ಣು ಸುಮಾರು ಒಂದೂವರೆ ಮಿಲಿಮೀಟರ್ ಉದ್ದ, ಗಂಡು ಇನ್ನೂ ಚಿಕ್ಕದು. ಸಿಂಗಪುರ, ಮಾರಿಷಸ್, ರಿಯೂನಿಯನ್‌ನಲ್ಲಿ ಸಿಕ್ಕಿದ್ದನ್ನು ನೋಡಿ ವಿಜ್ಞಾನಿಗಳು 2004ರಲ್ಲಿ ಹೆಸರಿಟ್ಟರು. 2005ರಲ್ಲಿ ಹವಾಯಿಗೂ ಹೋಗಿ, ಅಲ್ಲಿನ ಕಾಡಿನಲ್ಲಿದ್ದ ವಿಲಿವಿಲಿ ಮರಗಳನ್ನು ಒಣಗಿಸಿತು. ವಿಲಿವಿಲಿ ನಮ್ಮ ಹಾಲುವಾಣದ ದಾಯಾದಿ.

ಅಕ್ಟೋಬರ್ ಎರಡನೇ ವಾರ ಒಂದು ಊದಿದ ತೊಟ್ಟನ್ನು ಬ್ಲೇಡಿನಲ್ಲಿ ಸೀಳಿದೆ. ಹೊರಗೆ ಸ್ವಲ್ಪ ಗಟ್ಟಿ, ಒಳಗೆ ಎಳೆ ಸೌತೆಕಾಯಿಯ ಹಾಗೆ ಮೆತ್ತಗೆ, ನೀರು ನೀರು. ಅಲ್ಲಲ್ಲಿ ಸಾಸಿವೆಗಿಂತ ಚಿಕ್ಕ ಗೂಡುಗಳು. ಒಂದು ಗೂಡಿಗೆ ಒಂದೇ ಮರಿ. ಬಿಳಿ ಬಣ್ಣ, ಕಾಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ನಿಧಾನವಾಗಿ ಮಿಸುಕುತ್ತಿತ್ತು. ಮನೆಯೂ ಗಿಡದ್ದೇ, ಊಟವೂ ಗಿಡದ್ದೇ. ತಾಯಿ ಕಣಜ ಎಳೇ ಚಿಗುರಿನೊಳಗೆ ಮೊಟ್ಟೆ ಚುಚ್ಚಿ ಹೋಗುತ್ತದೆ. ಅಲ್ಲಿನ ಜೀವಕೋಶಗಳು ದಾರಿ ಬದಲಿಸಿ ಊದುತ್ತವೆ, ಒಡೆದು ಜಾಸ್ತಿ ಆಗುತ್ತವೆ, ಗೂಡಿನ ಗೋಡೆಗೆ ಮರಿಯ ಆಹಾರ ತುಂಬುತ್ತವೆ. ಬಲಿತ ಎಲೆಯಲ್ಲಿ ಇದು ಆಗುವುದಿಲ್ಲ, ಚಿಗುರೇ ಬೇಕು. ಮಳೆಗಾಲದ ಶುರುವಿಗೆ ನಾವು ಕಪಾತು ಮಾಡುತ್ತೇವೆ, ಅಂದರೆ ಕೊಂಬೆ ಸವರುತ್ತೇವೆ, ಮರವೆಲ್ಲ ಒಟ್ಟಿಗೆ ಚಿಗುರುತ್ತದೆ. ಕಣಜಕ್ಕೆ ನಾವೇ ಎಲೆ ಹಾಕಿ ಬಡಿಸಿದ ಹಾಗೆ ಅಲ್ವಾ?

ಗಿಡಕ್ಕೆ ಈ ಆಕಾರ ಹೇಳಿಕೊಡುವವರು ಯಾರು ಅನ್ನುವ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಒಂದೇ ಮರದ ಮೇಲೆ ಎರಡು ಜಾತಿ ಹುಳು ಕೂತರೆ ಎರಡು ಥರದ ಗಂಟು. ಹಾಗಾದರೆ ಸಾಮಾನು ಮರದ್ದು, ನಕ್ಷೆ ಹುಳುವಿನದು. ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದ ಡೇವಿಡ್ ಸ್ಟರ್ನ್ ತಂಡ 2021ರಲ್ಲಿ ಇದಕ್ಕೆ ಚೆಂದದ ಸಾಕ್ಷಿ ಕೊಟ್ಟಿತು. ವಿಚ್ ಹೇಜಲ್ ಅನ್ನುವ ಗಿಡದ ಎಲೆಯಲ್ಲಿ ಒಂದು ಗಿಡಹೇನು ಶಂಕುವಿನಂಥ ಗಂಟು ಕಟ್ಟಿಸುತ್ತದೆ. ಕೆಲವು ಹಸಿರು, ಕೆಲವು ಕೆಂಪು. ಗಂಟಿನ ಬಣ್ಣ ಯಾವುದು ಅಂತ ತೀರ್ಮಾನಿಸುವ ಜೀನ್ ಇರುವುದು ಗಿಡದಲ್ಲಲ್ಲ, ಹೇನಿನಲ್ಲಿ! ಇದನ್ನು ಓದಿದ ದಿನ ರಾತ್ರಿ ಟಾರ್ಚ್ ಹಿಡಿದು ಹೋಗಿ ಮನೆ ಮುಂದಿನ ಮಾವಿನ ಎಲೆಯ ಗಂಟುಗಳನ್ನು ಇನ್ನೊಮ್ಮೆ ನೋಡಿ ಬಂದೆ.

ಆರನೇ ಬಾಟಲಿ ನನಗೆ ಪಾಠ ಕಲಿಸಿತು. ಹಾಕಿದ ಹನ್ನೊಂದನೇ ದಿನ ಬೆಳಿಗ್ಗೆ ಕಾಫಿ ಕಾಯಿಸಲು ಹೋದಾಗ ಪಂಚೆ ಬಟ್ಟೆಯ ಒಳಮೈಗೆ ಚುಕ್ಕಿ ಇಟ್ಟ ಹಾಗೆ ಕಣಜಗಳು ಕೂತಿದ್ದವು. ಎಣಿಸಿದೆ. ಕಂದು ಮೈಗೆ ಹಳದಿ ಗುರುತಿದ್ದವು 17. ಅವು ಹಾಲುವಾಣದ ಕಣಜಗಳೇ. ಆದರೆ ಇನ್ನೂ ಮೂರು ಇದ್ದವು, ಹಸಿರು ಲೋಹದ ಹೊಳಪಿನವು. ಗಂಟು ಕಟ್ಟುವ ಕಣಜ ಎರಡು ಜಾತಿ ಇದೆ ಅಂತ ನನ್ನ ನೋಟ್ ಪುಸ್ತಕದಲ್ಲಿ ಬರೆದೂಬಿಟ್ಟೆ. ಅದು ತಪ್ಪು. ಅದೇ ಕೊಂಬೆಯ ಉಳಿದ ಗಂಟುಗಳನ್ನು ಸೀಳಿದಾಗ ಗೊತ್ತಾಯಿತು. ಒಂದು ಗೂಡಿನಲ್ಲಿ ಬಿಳಿ ಮರಿ ಸುಕ್ಕುಗಟ್ಟಿ ಮಲಗಿತ್ತು, ಅದರ ಪಕ್ಕೆಗೆ ಇನ್ನೊಂದು ಚಿಕ್ಕ ಮರಿ ಬಾಯಿ ಹಚ್ಚಿಕೊಂಡಿತ್ತು. ಹಸಿರು ಕಣಜ ಗಂಟು ಕಟ್ಟಿದ್ದಲ್ಲ, ಕಟ್ಟಿದವನನ್ನು ತಿಂದು ಬಂದದ್ದು. ಹವಾಯಿಯವರು 2008ರಲ್ಲಿ ಇಂಥದೇ ಒಂದು ಕಣಜವನ್ನು ಟಾಂಜಾನಿಯಾದಿಂದ ತಂದು ಬಿಟ್ಟು ವಿಲಿವಿಲಿಯನ್ನು ಉಳಿಸಿಕೊಂಡರು. ನಮ್ಮ ತೋಟದಲ್ಲಿ ಯಾರೂ ತಂದು ಬಿಡದೆಯೇ ಮೂರು ಬಂದಿವೆ ಅಂತ ಆ ದಿನ ನನಗಾದ ಖುಷಿ ಹೇಳತೀರದು. ಹಾಲುವಾಣಕ್ಕೆ ಔಷಧಿ ಹೊಡೆಸುವ ಯೋಚನೆ ಅವತ್ತೇ ಬಿಟ್ಟೆ.

ಮೆಣಸಿನ ಬಳ್ಳಿಯದು ಬೇರೆ ಕಥೆ. ಅಲ್ಲಿ ಥ್ರಿಪ್ಸ್ ನುಸಿ ಎಲೆಯ ಅಂಚನ್ನು ಕೆಳಗೆ ಸುರುಳಿ ಸುತ್ತಿಸುತ್ತದೆ. ಸುರುಳಿ ಬಿಡಿಸಿದರೆ ಒಳಗೆ ಕಪ್ಪು ದೊಡ್ಡವು, ಬಿಳಿಚಿದ ಮರಿಗಳು, ಮೊಟ್ಟೆ, ಎಲ್ಲ ಒಟ್ಟು ಸಂಸಾರ. ಮುಚ್ಚಿದ ಗೂಡಲ್ಲವಾದ್ದರಿಂದ ಬಾಟಲಿ ಬೇಕಿಲ್ಲ. ಎಳೇ ಬಳ್ಳಿಗೆ ಮಾತ್ರ ತೊಂದರೆ ಜಾಸ್ತಿ, ಅಲ್ಲಿ ಸುರುಳಿ ಎಲೆಗಳನ್ನು ಕಿತ್ತು ಹಾಕಿಸುತ್ತಿದ್ದೇನೆ.

ನವೆಂಬರ್‌ನಲ್ಲಿ ಅಜ್ಜಿ ಬಾಟಲಿ ನೋಡಿ, "ಇದು ಮಾಚಿಕಾಯಿ ಥರ ಉಂಟಲ್ಲ" ಅಂದರು. ಒಳಗೆ ಹೋಗಿ ಮದ್ದಿನ ಡಬ್ಬ ತಂದರು. ಗ್ರಂಧಿಗೆ ಅಂಗಡಿಯ ಮಾಚಿಕಾಯಿ, ಬಾಣಂತಿ ಮದ್ದಿಗೆ ತೇಯುವಂಥದ್ದು. ಹೆಸರಿಗೆ ಕಾಯಿ, ಆದರೆ ಅದೂ ಗಂಟೇ. ಪಶ್ಚಿಮ ಏಷ್ಯಾದ ಓಕ್ ಮರದ ಮೇಲೆ ಒಂದು ಕಣಜ ಕಟ್ಟಿಸಿದ್ದು. ಹಿಂದೆ ಯುರೋಪಿನವರು ಇದರ ಒಗರಿಗೆ ಕಬ್ಬಿಣದ ಉಪ್ಪು ಸೇರಿಸಿ ಶಾಯಿ ಮಾಡುತ್ತಿದ್ದರು. ಅಜ್ಜಿ ಒಂದೊಂದನ್ನೇ ತಿರುಗಿಸಿ ನೋಡಿ ತೂತಿದ್ದವನ್ನು ಬದಿಗಿಟ್ಟರು. "ತೂತಾದದ್ದರಲ್ಲಿ ಸತ್ವ ಇಲ್ಲ ಮಗ. ಅಂಗಡಿಯಲ್ಲೂ ತೂತಿಲ್ಲದ್ದೇ ನೋಡಿ ತಗೋಬೇಕು." ಆ ತೂತು ಕಣಜ ಹೊರಬಂದ ಬಾಗಿಲು. ಕಣಜ ಹೋಗುವ ಮೊದಲು ಕಿತ್ತ ಗಂಟಿನಲ್ಲಿ ಒಗರು ಜಾಸ್ತಿ ಅನ್ನುವುದು ನಿಜ. ನಾನು ಭೂತಗನ್ನಡಿ ಹಿಡಿದು ಹುಡುಕುವ ತೂತನ್ನು ಅಜ್ಜಿ ಬರೀ ಬೆರಳ ತುದಿಯಲ್ಲಿ ಗುರುತಿಸಿದರು.

ಈಗ ಜನವರಿ. ಉಳಿದಿರುವ ಹಾಲುವಾಣದ ಮೂರು ಮರಗಳಲ್ಲಿ ಆರು ಕೊಂಬೆಗಳಿಗೆ ಕೆಂಪು ದಾರ ಕಟ್ಟಿದ್ದೇನೆ. ಕಂದು ಕಣಜ, ಹಸಿರು ಕಣಜ ಎರಡೂ ತೂತು ಕೊರೆದೇ ಹೊರಬರುವುದರಿಂದ ತೂತು ಎಣಿಸಿ ಪ್ರಯೋಜನ ಇಲ್ಲ. ಪ್ರತಿ ಕೊಂಬೆಯಿಂದ ಐದು ಗಂಟು ಬಾಟಲಿಗೆ ಹೋಗಬೇಕು, ಬಂದ ಕಣಜಗಳನ್ನೇ ಎಣಿಸಬೇಕು. ಹದಿನಾಲ್ಕನೇ ಬಾಟಲಿಯಲ್ಲಿ ನಿನ್ನೆಗೆ ಕಂದು ಒಂಬತ್ತು, ಹಸಿರು ನಾಲ್ಕು. ಮುಂದಿನ ಎಣಿಕೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದು ಚಿಗುರು ಬಂದ ಮೇಲೆ. ಕಪಾತಿನವರು ಬಂದಾಗ ಕೆಂಪು ದಾರದ ಕೊಂಬೆ ಮುಟ್ಟಬೇಡಿ ಅಂತ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಅಣ್ಣನಿಗೆ ಈಗಲೇ ಹೇಳಿಟ್ಟಿದ್ದೇನೆ.