ನೆಗ್ಗಿದ ಡೋರಿನ ಜೊತೆ ಒಂದು ಭಾನುವಾರ

16 ಫೆಬ್ರವರಿ 2025, ಭಾನುವಾರ ರಾತ್ರಿ

ಬೆರಳ ತುಂಬ ಗ್ಲೂ ಅಂಟ್ಕೊಂಡಿದೆ, ಟೈಪ್ ಮಾಡೋಕೂ ಕಷ್ಟ, ಆದ್ರೂ ಇವತ್ತೇ ಬರೀಬೇಕು, ನಾಳೆ ಆದ್ರೆ ಮರ್ತೋಗತ್ತೆ.

ಶುಕ್ರವಾರ ಮಗನ ಸೈಕಲ್ ಸ್ಟ್ಯಾಂಡ್ ಜಾರಿ ಕಾರಿನ ಮೇಲೆ ಬಿತ್ತು. ಎಡಗಡೆ ಹಿಂದಿನ ಡೋರು, ಹಿಡಿಯಿಂದ ಒಂದು ಗೇಣು ಕೆಳಗೆ, ನಿಂಬೆಹಣ್ಣಿನ ಗಾತ್ರದ್ದೊಂದು ನೆಗ್ಗು. ಹ್ಯಾಂಡಲ್ ತುದೀಲಿ ರಬ್ಬರ್ ಗ್ರಿಪ್ ಇದ್ದಿದ್ರಿಂದ ಪೇಂಟ್ ಒಡೆದಿಲ್ಲ, ಅದೊಂದು ಪುಣ್ಯ. ಉಗುರಲ್ಲಿ ಮೆತ್ತಗೆ ಎಳೆದು ನೋಡ್ದೆ, ಎಲ್ಲೂ ತಡೀಲಿಲ್ಲ. ಪೇಂಟ್ ಒಡೆದಿದ್ರೆ ಪುಟ್ಟಿ, ಉಜ್ಜೋದು, ಪ್ರೈಮರ್, ಕಲರ್, ಅದರ ಮೇಲೆ ಕ್ಲಿಯರ್ ಕೋಟ್, ಅದೆಲ್ಲ ಮನೇಲಿ ಆಗೋ ಮಾತಲ್ಲ, ಮಾಡಿದ್ರೂ ಕಲರ್ ಮ್ಯಾಚ್ ಆಗಲ್ಲ.

ಭಾಮೈದನಿಗೆ ಫೋನಲ್ಲಿ ಹೇಳಿದ್ರೆ "ಭಾವ, ಕುದಿಯೋ ನೀರು ಸುರೀರಿ, ಟಪ್ ಅಂತ ಆಚೆ ಬರತ್ತೆ, ನಾನೇ ವಿಡಿಯೋದಲ್ಲಿ ನೋಡಿದೀನಿ" ಅಂದ. ಸರಿ ಅಂತ ಎರಡು ಕೆಟಲ್ ಸುರಿದೆ. ಚಪ್ಪಲಿ ಒದ್ದೆ ಆಯ್ತು ಅಷ್ಟೇ. ಆಮೇಲೆ ತಲೆ ಓಡ್ತು, ಅವನು ನೋಡಿದ್ದು ಬಂಪರ್, ಅದು ಪ್ಲಾಸ್ಟಿಕ್, ಬಿಸಿಗೆ ಮೆತ್ತಗಾಗಿ ಹಳೇ ಆಕಾರಕ್ಕೆ ವಾಪಸ್ ಬರತ್ತೆ. ನಂದು ಸ್ಟೀಲ್ ಡೋರು, ಅದಕ್ಕೆ ನೂರು ಡಿಗ್ರಿ ಯಾವ ಲೆಕ್ಕ! ಸ್ಟೀಲೇ ಅಂತ ಹೇಗೆ ಗೊತ್ತು ಅಂದ್ರೆ ಫ್ರಿಜ್ ಮೇಲಿಂದ ಮ್ಯಾಗ್ನೆಟ್ ತಂದು ಇಟ್ಟೆ, ಗಟ್ಟಿಯಾಗಿ ಕಚ್ಕೊಳ್ತು. ಅಲ್ಯೂಮಿನಿಯಂ ಆಗಿದ್ರೆ ಅಂಟ್ತಾನೇ ಇರ್ಲಿಲ್ಲ. ಹಿಂದೆ ಯಾರಾದ್ರೂ ದಪ್ಪಗೆ ಪುಟ್ಟಿ ಮೆತ್ತಿದ್ರೆ ಆ ಜಾಗದಲ್ಲಿ ಹಿಡಿತ ಸಡಿಲ ಇರತ್ತೆ, ನಮ್ಮ ಕಾರು ಸೆಕೆಂಡ್ ಹ್ಯಾಂಡ್ ಆದ್ರಿಂದ ಅದೂ ಗೊತ್ತಾಗಿದ್ದು ಒಳ್ಳೇದೇ ಆಯ್ತು.

ಒಳಗಿಂದ ತಳ್ಳೋಣ ಅಂತಾನೂ ಯೋಚನೆ ಬಂತು. ಅದಕ್ಕೆ ಡೋರಿನ ಒಳ ಪ್ಯಾನಲ್ ಬಿಚ್ಚಬೇಕು, ಕ್ಲಿಪ್ ಮುರಿಯತ್ತೆ, ಅದರ ಹಿಂದೆ ನೀರು ಬರದಿರ್ಲಿ ಅಂತ ಅಂಟಿಸಿರೋ ಶೀಟ್ ಹರಿಯತ್ತೆ, ಇಷ್ಟೆಲ್ಲ ಮಾಡಿದ್ಮೇಲೂ ಪಕ್ಕದಿಂದ ಗುದ್ದಿದ್ರೆ ತಡೀಲಿ ಅಂತ ಡೋರಿನೊಳಗೆ ಅಡ್ಡಕ್ಕೆ ಹಾಕಿರೋ ಬೀಮ್ ನೆಗ್ಗಿನ ಹಿಂದೇನೇ ಕೂತಿದ್ರೆ ಕೈ ಹೋಗಲ್ಲ. ಬಿಟ್ಟೆ.

ಸಕ್ಷನ್ ಕಪ್, ಅಂದ್ರೆ ಒತ್ತಿದ್ರೆ ಕಚ್ಕೊಳ್ಳೋ ರಬ್ಬರ್ ಬಟ್ಟಲು, ಅದನ್ನ ಹಾಕಿ ಎಳೆದೆ. ಎಳೆದಾಗ ಪೂರ್ತಿ ಡೋರೇ ಉಬ್ಬಿ ಬರತ್ತೆ, ಬಿಟ್ರೆ ಡಬಕ್ ಅಂತ ವಾಪಸ್. ಹತ್ತು ಸಲ ಡಬಕ್ ಡಬಕ್. ಆ ಕಪ್ ನೆಗ್ಗಿಗಿಂತ ಎರಡರಷ್ಟು ಅಗಲ, ಹಾಗಾಗಿ ಅದು ಸುತ್ತಲಿನ ಸರಿಯಿರೋ ತಗಡನ್ನೇ ಎಳೀತಿತ್ತು, ನೆಗ್ಗಿದ್ದನ್ನಲ್ಲ. ಅಗಲವಾಗಿ ಆಳ ಇಲ್ದೆ ಕೂತಿರೋ ನೆಗ್ಗಿಗೆ ಅದು ಸರಿ, ಇಂಥ ಚಿಕ್ಕದಕ್ಕೆ ಅಲ್ಲ.

ಕೊನೆಗೆ ನಿನ್ನೆ ಬಂದ ಗ್ಲೂ ಪುಲ್ಲರ್ ಕಿಟ್ ಬಿಚ್ಚಿದೆ. ಗ್ಲೂ ಗನ್ನು, ಅಣಬೆ ಥರ ಪ್ಲಾಸ್ಟಿಕ್ ಟ್ಯಾಬ್‌ಗಳು, ಎರಡು ಕಾಲಿನ ಸೇತುವೆ ಥರದ್ದೊಂದು ಎಳೆಯೋ ಸಾಮಾನು. ಸ್ಪಿರಿಟ್ ಹಾಕಿ ಡೋರ್ ಒರೆಸಿ, ಟ್ಯಾಬಿಗೆ ಬಿಸಿ ಗ್ಲೂ ಹಚ್ಚಿ, ನೆಗ್ಗಿನ ಮಧ್ಯ ಒತ್ತಿ, ತಣ್ಣಗಾಗೋವರೆಗೂ ಕಾದೆ. ಟ್ಯಾಬನ್ನ ಸೇತುವೆಗೆ ಸಿಕ್ಕಿಸಿ ಅದರ ತಿರುಪು ತಿರುಗಿಸಿದ್ರೆ ಟಕ್, ಟ್ಯಾಬ್ ಒಂದೇ ಕೈಗೆ ಬಂತು. ಬಿಸಿಲಲ್ಲಿ ತಗಡು ಕಾದಿತ್ತು, ಗ್ಲೂ ಮೆತ್ತಗೇ ಉಳಿದಿತ್ತು. ಗಾಡಿ ನೆರಳಿಗೆ ತಂದ್ಮೇಲೆ ಹಿಡೀತು.

ಹಿಡೀತು ನಿಜ, ಆದ್ರೆ ನೆಗ್ಗು ಅರ್ಧ ಬಂದು ನಿಂತೋಯ್ತು. ಮತ್ತೆ ಎಳೆದೆ, ಮತ್ತೆ ಎಳೆದೆ, ಜಗ್ಗಲ್ಲ. ಸಿಟ್ಟು ಬಂದು ಗ್ಯಾರೇಜಿನ ಟ್ಯೂಬ್‌ಲೈಟ್ ಹಾಕಿ ಡೋರಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ, ಆಗ ಕಾಣಿಸ್ತು ನೋಡಿ. ಪೇಂಟ್ ಮೇಲೆ ಟ್ಯೂಬ್‌ಲೈಟಿನ ಬಿಳೀ ಗೆರೆ ನೇರವಾಗಿ ಬಂದು, ನೆಗ್ಗಿನೊಳಗೆ ಸೊಟ್ಟಗಾಗೋಕೆ ಮುಂಚೆ, ಅಂಚಿನಲ್ಲಿ ಒಂಚೂರು ಉಲ್ಟಾ ಕಡೆಗೆ ಬಾಗ್ತಿತ್ತು. ಅಂದ್ರೆ ನೆಗ್ಗಿನ ಸುತ್ತ ಬಳೆ ಥರ ಒಂದು ಉಬ್ಬು! ಮಧ್ಯ ಒಳಗೆ ಹೋದಾಗ ಅಲ್ಲಿದ್ದ ತಗಡು ಎಲ್ಲಿಗೆ ಹೋಗ್ಬೇಕು, ಪಕ್ಕಕ್ಕೆ ಸರಿದು ಎದ್ದು ನಿಂತಿದೆ, ಅದೇ ಬಳೆ ನೆಗ್ಗನ್ನ ಬಿಗಿಯಾಗಿ ಹಿಡ್ಕೊಂಡಿದೆ. ಎರಡು ದಿನದಿಂದ ನಾನು ಗುಳೀನೇ ನೋಡ್ತಿದ್ದೆ, ಬೆಟ್ಟ ನೋಡಿರ್ಲಿಲ್ಲ.

ಕಿಟ್ ಜೊತೆ ಬಂದ ಮೊಂಡು ಪ್ಲಾಸ್ಟಿಕ್ ಕಡ್ಡೀನ ಉಬ್ಬಿನ ಮೇಲಿಟ್ಟು ಚಿಕ್ಕ ಸುತ್ತಿಗೇಲಿ ಟಿಕ್ ಟಿಕ್ ಟಿಕ್, ಬಾಗಿಲು ಮೆಲ್ಲಗೆ ತಟ್ಟೋ ಅಷ್ಟೇ ಜೋರು, ಬಳೆ ಉದ್ದಕ್ಕೂ ಸುತ್ತು ಹಾಕ್ಕೊಂಡು ಬಂದೆ. ಆಮೇಲೆ ಟ್ಯಾಬ್ ಅಂಟಿಸಿ ಎಳೆದ್ರೆ ಮಧ್ಯ ತಾನಾಗೇ ಏಳ್ತಾ ಬಂತು. ಎಳೆ, ಗೆರೆ ನೋಡು, ಅಂಚು ತಟ್ಟು, ಮತ್ತೆ ಎಳೆ. ಪ್ರತಿ ಸಲ ಗ್ಲೂ ಬಿಡಿಸೋಕೆ ಅಂಚಿಗೆ ಸ್ಪಿರಿಟ್ ಬಿಡ್ಬೇಕು, ಆಗ ಚರ್ಮ ಸುಲಿದ ಹಾಗೆ ಬರತ್ತೆ. ಬಲವಂತವಾಗಿ ಕಿತ್ರೆ ಪೇಂಟ್ ಸಮೇತ ಬರಬಹುದು, ರೀಪೇಂಟ್ ಆಗಿರೋ ಡೋರ್ ಆದ್ರಂತೂ ಈ ಕಿಟ್ ಹತ್ರಾನೂ ತರ್ಬೇಡಿ.

ಹದಿನಾಲ್ಕು ಸಲ ಎಳೆದೆ, ಲೆಕ್ಕ ಇಟ್ಟಿದೀನಿ. ಹನ್ನೊಂದಕ್ಕೇ ನಿಲ್ಲಿಸಿದ್ರೆ ಬುದ್ಧಿವಂತ ಆಗ್ತಿದ್ದೆ. ಹನ್ನೆರಡನೇದ್ರಲ್ಲಿ ಜಾಸ್ತಿ ಎಳೆದು ಮಧ್ಯ ಒಂದು ಮೊಡವೆ ಎದ್ದು ಬಂತು, ಅದನ್ನ ತಟ್ಟಿದ್ರೆ ಪಕ್ಕ ತಗ್ಗಾಯ್ತು, ಆ ತಗ್ಗಿಗೇ ಉಳಿದ ಎರಡು ಸಲ. ಈ ತಗಡು ಒಂದು ಮಿಲಿಮೀಟರ್ ಕೂಡ ದಪ್ಪ ಇಲ್ಲ, ಹೀಗೆ ಹಿಗ್ಗಿಸ್ತಾ ಹೋದ್ರೆ ಕೊನೆಗೆ ಡಬ್ಬದ ಮುಚ್ಚಳದ ಹಾಗೆ ಲಟಕ್ ಅನ್ನತ್ತೆ, ಆಮೇಲೆ ಟಿಂಕರಿಂಗ್ ಮಾಡೋರೇ ಗತಿ.

ಸಂಜೆ ಹೆಂಡ್ತೀನ ಕರೆದು "ಎಲ್ಲಿತ್ತು ತೋರ್ಸು" ಅಂದೆ. ಬಗ್ಗಿ, ಕೈಯಾಡಿಸಿ, ಬಲಗಡೆ ಡೋರಲ್ಲ ತಾನೇ ಅಂತ ಕೇಳಿದ್ಲು. ಅಷ್ಟು ಸಾಕು ನಂಗೆ. ಟ್ಯೂಬ್‌ಲೈಟ್ ಗೆರೇಲಿ ಮಾತ್ರ ಇನ್ನೂ ಒಂದು ಸಣ್ಣ ನಡುಕ ಇದೆ, ಅದು ನಂಗೊಬ್ಬನಿಗೇ ಗೊತ್ತು.

ಸಾಮಾನೆಲ್ಲ ಎತ್ತಿಟ್ಟು ಏಳೋವಾಗ ಸುಮ್ನೆ ಮುಂದಿನ ಡೋರ್ ಮೇಲೂ ಅದೇ ಗೆರೆ ಹೇಗೆ ಬೀಳತ್ತೆ ಅಂತ ನೋಡ್ದೆ. ಒಂದು, ಎರಡು, ಹಿಡಿಯ ಕೆಳಗೆ ಇನ್ನೊಂದು. ಇಷ್ಟು ವರ್ಷ ಕಾಣ್ದೇ ಇದ್ದಿದ್ದು. ಲೈಟ್ ಆಫ್ ಮಾಡಿ ಒಳಗೆ ಬಂದೆ.